ಲಾವೋಸ್‌ನ ಹಳೆ ಹಾಡು ಹುಡುಕುವುದು ಹೇಗೆ? ಮೆಕಾಂಗ್‌ನ ಎರಡೂ ದಡ ಜಾಲಾಡಲು ಒಂದು ಮಾರ್ಗದರ್ಶಿ

ಯೂಟ್ಯೂಬ್‌ನಲ್ಲಿ ಇಂಗ್ಲಿಷಿನಲ್ಲಿ "ಓಲ್ಡ್ ಲಾವೋಸ್ ಸಾಂಗ್ಸ್" ಅಂತ ಹಾಕಿದರೆ ಸಾಮಾನ್ಯವಾಗಿ ಬರುವುದು ಪ್ರವಾಸದ ವಿಡಿಯೊಗಳು, ಮಸಾಜ್ ಪಾರ್ಲರ್‌ನಲ್ಲಿ ಹಾಕುವಂಥ ಸಂಗೀತ, ಇಲ್ಲಾಂದ್ರೆ ಹಳೆ ಹಾಡನ್ನು ಈಚೆಗೆ ಕೀಬೋರ್ಡಿನಲ್ಲಿ ಮತ್ತೆ ಹಾಡಿದ್ದು. 1960, 70ರ ದಶಕದ ಅಸಲಿ ರೆಕಾರ್ಡು ಪುಟ ಎಷ್ಟು ಜಾರಿಸಿದರೂ ಸಿಗುವುದು ಕಷ್ಟ. ಹಾಡುಗಳೇ ಉಳಿದಿಲ್ಲವೇನೋ ಅನ್ನಿಸಿಬಿಡುತ್ತದೆ. ಆದರೆ ಹಾಡುಗಳು ಬೇಕಾದಷ್ಟಿವೆ. ಲಾವೋಸ್ ಅನ್ನುವ ಹೆಸರಿನಡಿ ಅವನ್ನು ಯಾರೂ ಇಟ್ಟಿಲ್ಲ, ಅಷ್ಟೆ. ಕೆಲವು ಥಾಯ್ಲೆಂಡಿನ ಲೆಕ್ಕಕ್ಕೆ ಸೇರಿವೆ. ಕೆಲವು ಕ್ಯಾಲಿಫೋರ್ನಿಯಾದಲ್ಲಿ ಯಾರದೋ ಮನೆಯ ಕ್ಯಾಸೆಟ್ ಡಬ್ಬದಲ್ಲಿವೆ. ಕೆಲವು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿವೆ.

ಹಾಗಾಗಿ ಈ ಹುಡುಕಾಟಕ್ಕೆ ನಾನು ಹೇಳುವ ಸೂತ್ರ ಒಂದೇ. ಹಾಡು ಹುಡುಕುವ ಮುಂಚೆ, ಹಾಡಿದ ಜನ ಎಲ್ಲೆಲ್ಲಿಗೆ ಹೋದರು ಅಂತ ನೋಡಿ. ಮಿಕ್ಕಿದ್ದೆಲ್ಲ ಕಾಗುಣಿತದ ಕೆಲಸ. ಅದೇ ಜಾಸ್ತಿ ಇರುವುದು.

ಹಂತ 1: ಜನ ಹೋದ ದಾರಿ ತಿಳಿದುಕೊಳ್ಳಿ

ಲಾವೊ ಮಾತಾಡುವವರು ಮೆಕಾಂಗ್ ನದಿಯ ಎರಡೂ ದಡದಲ್ಲಿದ್ದಾರೆ. 1893ರಲ್ಲಿ ಫ್ರೆಂಚರು ಸಯಾಮಿನಿಂದ (ಥಾಯ್ಲೆಂಡಿನ ಹಳೆ ಹೆಸರು) ಎಡದಂಡೆಯನ್ನು ಕಿತ್ತುಕೊಂಡಾಗ ನದಿಯೇ ಗಡಿಯಾಯಿತು. ಬಲದಂಡೆಯ ಲಾವೊ ಜನ ಸಯಾಮಿನಲ್ಲೇ ಉಳಿದರು. ಅದೇ ಇವತ್ತಿನ ಇಸಾನ್, ಅಂದರೆ ಥಾಯ್ಲೆಂಡಿನ ಈಶಾನ್ಯ ಭಾಗ. ಲಾವೋಸ್ ದೇಶದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಲಾವೊ ಮಾತಿನವರು ಇಸಾನ್‌ನಲ್ಲಿದ್ದಾರೆ. ಸ್ಟುಡಿಯೊ, ರೆಕಾರ್ಡ್ ಕಂಪನಿ, ಕೊಳ್ಳುವ ಜನ, ಎಲ್ಲ ಆ ಕಡೆಯೇ ಜಾಸ್ತಿ.

ಈ ಕಡೆ, 1953ರಲ್ಲಿ ಸ್ವತಂತ್ರವಾದ ಲಾವೋಸ್ ಬೇಗನೆ ಅಂತರ್ಯುದ್ಧಕ್ಕೆ ಬಿತ್ತು. ರಾಜಸರ್ಕಾರದ ರೇಡಿಯೊ ರಾಜಧಾನಿ ವಿಯಂಟಿಯಾನ್‌ನಿಂದ ಹಾಡಿಸುತ್ತಿತ್ತು. ಎದುರು ಪಕ್ಷವಾದ ಕಮ್ಯುನಿಸ್ಟ್ ಪಾಥೆಟ್ ಲಾವೊ ತನ್ನದೇ ರೇಡಿಯೊ ನಡೆಸುತ್ತಿತ್ತು. ಇಬ್ಬರೂ ಪ್ರಚಾರಕ್ಕೆ ಹಳ್ಳಿಯ ಹಾಡುಗಾರರನ್ನೇ ಬಳಸಿಕೊಂಡರು. ಹಳ್ಳಿಯಲ್ಲಿ ಭಾಷಣಕ್ಕಿಂತ ಹಾಡು ಜಾಸ್ತಿ ಓಡುತ್ತದೆ, ಅಲ್ವಾ? ಹಾಗಾಗಿ ಆ ಕಾಲದ ಸಂಗ್ರಹಗಳಲ್ಲಿ ಪ್ರೇಮಗೀತೆಯ ಪಕ್ಕದಲ್ಲೇ ರಾಜಕೀಯದ ಹಾಡು ಸಿಕ್ಕರೆ ಗಾಬರಿಯಾಗಬೇಡಿ.

1975ರ ಡಿಸೆಂಬರ್ 2ರಂದು ರಾಜಪ್ರಭುತ್ವ ಮುಗಿದು ಲಾವೊ ಜನತಾ ಪ್ರಜಾಪ್ರಭುತ್ವ ಗಣರಾಜ್ಯ ಘೋಷಣೆಯಾಯಿತು. ನೈಟ್‌ಕ್ಲಬ್ಬುಗಳು ಮುಚ್ಚಿದವು. ಪಾಶ್ಚಾತ್ಯ ಶೈಲಿಯ ಹಾಡು, ಥಾಯ್ ಹಾಡು ಹೊಸ ಸರ್ಕಾರಕ್ಕೆ ಹಿಡಿಸುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ದೇಶದ ಸುಮಾರು ಹತ್ತರಲ್ಲೊಂದು ಪಾಲು ಜನ ನದಿ ದಾಟಿದರು. ಅವರಲ್ಲಿ ಹಾಡುಗಾರರೂ ವಾದ್ಯದವರೂ ಇದ್ದರು. ಥಾಯ್ಲೆಂಡಿನ ನೊಂಗ್ ಖಾಯ್, ಉಬೊನ್ ಮುಂತಾದ ಕಡೆಯ ನಿರಾಶ್ರಿತರ ಶಿಬಿರಗಳಲ್ಲಿ ಕೆಲಕಾಲ ಇದ್ದು, ಅಲ್ಲಿಂದ ಅಮೆರಿಕ, ಫ್ರಾನ್ಸ್, ಆಸ್ಟ್ರೇಲಿಯಾ, ಕೆನಡಾ ಸೇರಿದರು. ಅಲ್ಲಿ ಹೋದ ಮೇಲೂ ಹಾಡಿದರು, ಕ್ಯಾಸೆಟ್ ತಂದರು, ಮದುವೆ ಮನೆಗಳಲ್ಲಿ ಬ್ಯಾಂಡ್ ನುಡಿಸಿದರು.

ಇಷ್ಟು ಗೊತ್ತಾದರೆ ನಿಮ್ಮ ಮುಂದೆ ನಾಲ್ಕು ದಾರಿ ಇವೆ: 1975ಕ್ಕೆ ಮುಂಚಿನ ವಿಯಂಟಿಯಾನ್ ಹಾಡು, ಇಸಾನ್‌ನ ಹಾಡು, ಹೊರದೇಶಕ್ಕೆ ಹೋದವರ 80-90ರ ದಶಕದ ಕ್ಯಾಸೆಟ್ಟು, 1975ರ ನಂತರ ದೇಶದೊಳಗೇ ಬಂದ ಸರ್ಕಾರಿ ಛಾಯೆಯ ಹಾಡು. ನಿಮಗೆ ಬೇಕಾದದ್ದು ಯಾವುದು ಅಂತ ಮೊದಲೇ ತೀರ್ಮಾನಿಸಿ. ನಾಲ್ಕನ್ನೂ ಒಟ್ಟಿಗೆ ಹುಡುಕಹೋದರೆ ತಲೆ ಕೆಡುತ್ತದೆ.

ಹಂತ 2: ಬಗೆಗಳ ಹೆಸರು ಕಲಿಯಿರಿ

"ಹಳೆ ಹಾಡು" ಅನ್ನುವುದು ತೀರಾ ಅಗಲದ ಬಲೆ. ಬಗೆಯ ಹೆಸರು ಸೇರಿಸಿದರೆ ಹುಡುಕಾಟ ಕೂಡಲೇ ಸುಧಾರಿಸುತ್ತದೆ.

ಎಲ್ಲದಕ್ಕೂ ಬುಡ ಲಾಮ್. ಖೇನ್ ಅನ್ನುವ ಬಿದಿರಿನ ವಾದ್ಯದ ಜೊತೆ ಹಾಡುವ ಹಾಡುಗಾರಿಕೆ ಇದು. ಹಾಡುವವರನ್ನು ಮೋಲಾಮ್ ಅನ್ನುತ್ತಾರೆ. ಖೇನ್‌ಗೆ ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಹದಿನಾರು ಕೊಳವೆ. ಉಸಿರು ಬಿಟ್ಟರೂ ನಾದ, ಎಳೆದರೂ ನಾದ, ಹಾಗಾಗಿ ಸದ್ದು ನಿಲ್ಲುವುದೇ ಇಲ್ಲ. 2017ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಲಾವೊ ಜನರ ಖೇನ್ ಸಂಗೀತವನ್ನು ಸೇರಿಸಿತು. ಒಂದು ಗುರುತು ನೆನಪಿಡಿ: ಹಾಡುಗಾರರು ಶುರುವಿಗೆ "ಓ ಲಾ ನೋ" ಅಂತ ಉದ್ದಕ್ಕೆ ಎಳೆದರೆ ಅದು ಲಾಮ್ ಮನೆತನದ್ದು ಅಂತ ಧೈರ್ಯವಾಗಿ ಹೇಳಬಹುದು.

ದಕ್ಷಿಣದಲ್ಲಿ ಇದಕ್ಕೆ ಲಾಮ್ ಅನ್ನುತ್ತಾರೆ, ಉತ್ತರದಲ್ಲಿ ಖಾಪ್. ಮುಂದೆ ಊರಿನ ಹೆಸರೋ ಜನರ ಹೆಸರೋ ಸೇರುತ್ತದೆ. ಲಾಮ್ ಸಾಲವಾನ್, ಲಾಮ್ ಸಿಫಂದೋನ್, ಲಾಮ್ ತಂಗ್‌ವಾಯ್ ದಕ್ಷಿಣದವು. ಖಾಪ್ ಥುಮ್ ಲುವಾಂಗ್ ಪ್ರಬಾಂಗ್ ಕಡೆಯದು. ಖಾಪ್ ಙೂಮ್ ವಿಯಂಟಿಯಾನ್ ಸುತ್ತಮುತ್ತಲಿನದು. ಇವುಗಳಲ್ಲಿ ಲಾಮ್ ಸಾಲವಾನ್ ಬ್ಯಾಂಡಿಗೆ ಚೆನ್ನಾಗಿ ಒಗ್ಗಿಕೊಂಡಿತು. ಡ್ರಮ್, ಬೇಸ್ ಗಿಟಾರ್, ಆರ್ಗನ್ ಸೇರಿಸಿಕೊಂಡು ಮದುವೆ ಮನೆಗಳ ಕುಣಿತದ ಹಾಡಾಯಿತು. ಹೊಸಬರು ಇಲ್ಲಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಭಾಷೆ ಬರದಿದ್ದರೂ ಕಾಲು ತಾಳ ಹಾಕುತ್ತದೆ.

ಇನ್ನು ಲಾಮ್‌ವೊಂಗ್. ಗಂಡು ಹೆಣ್ಣು ಜೋಡಿಯಾಗಿ ಸುತ್ತುವ ವೃತ್ತನೃತ್ಯ ಮತ್ತು ಅದರ ಹಾಡು. ಇದರ ಜೊತೆಗೆ ಚಾ-ಚಾ, ರುಂಬಾ, ಬೊಲೆರೊ ಗತಿಯಲ್ಲಿ ಕಟ್ಟಿದ ನಗರದ ಹಾಡುಗಳು, ಸಾಲಾಗಿ ನಿಂತು ಹೆಜ್ಜೆ ಹಾಕುವ ಪಾಸ್‌ಲೊಪ್. ಇಸಾನ್ ಕಡೆ ಹೋದರೆ ಹಳ್ಳಿ ಹಾಡಿನ ಲೂಕ್ ಥುಂಗ್, ಅದೂ ಲಾಮ್ ಕೂಡಿದ ಲೂಕ್ ಥುಂಗ್ ಮೋಲಾಮ್, ಕರೆಂಟು ಹಾಯಿಸಿದ ಫಿನ್ ಎಂಬ ತಂತಿವಾದ್ಯ.

ಒಂದು ಎಚ್ಚರಿಕೆ. ಥಾಯ್ ಶಾಸ್ತ್ರೀಯ ಸಂಗೀತದಲ್ಲಿ "ಲಾವೊ" ಅಂತ ಶುರುವಾಗುವ ಕೃತಿಗಳಿವೆ. ಲಾವೊ ದುವಾಂಗ್ ದುವಾನ್ ಅವುಗಳಲ್ಲಿ ಹೆಸರುವಾಸಿ. ಕಟ್ಟಿದ್ದು ಸಯಾಮಿನ ರಾಜಕುಮಾರ ಫೆನ್‌ಫತ್ತನಫೊಂಗ್. ಲಾವೊ ಛಾಯೆಯಲ್ಲಿ ಕಟ್ಟಿದ ಸಯಾಮಿ ಸಂಗೀತ ಅದು. ಕೇಳಲು ಸೊಗಸಾಗಿದೆ, ಆದರೆ ನಾವು ಹುಡುಕುತ್ತಿರುವುದು ಅದನ್ನಲ್ಲ. ಹಾಗೆಯೇ ಲಾವೋಸ್‌ನಿಂದ ಹೋದ ಹ್ಮಾಂಗ್ ಜನರ ಹಾಡುಗಳೂ ಫಲಿತಾಂಶದಲ್ಲಿ ಬೆರೆತು ಬರುತ್ತವೆ. ಅವರ ಭಾಷೆ, ಸಂಗೀತ ಬೇರೆಯೇ.

ಹಂತ 3: ಕಾಗುಣಿತದ ಆಟ

ಇಲ್ಲಿ ತಾಳ್ಮೆ ಬೇಕು. ಹತ್ತರಲ್ಲಿ ಎಂಟು ಸಲ ಹಾಡು ಸಿಗದಿರುವುದಕ್ಕೆ ಕಾರಣ ಇದೇ.

ಲಾವೊ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೆ ಎಲ್ಲರೂ ಪಾಲಿಸುವ ನಿಯಮ ಇಲ್ಲ. ಹಳಬರು ಫ್ರೆಂಚ್ ಪದ್ಧತಿಯಲ್ಲಿ ಬರೆದರು. ಹಾಗಾಗಿ "ಉ" ಸ್ವರಕ್ಕೆ ಒ-ಯು ಎರಡಕ್ಷರ. ಕೊನೆಯಲ್ಲಿ ಉಚ್ಚಾರವಿಲ್ಲದ ಇ. ಸಾಲವಾನ್ ಅನ್ನುವುದಕ್ಕೆ ನಡುವೆ ಆರ್ ಹಾಕಿ, ಕೊನೆಗೆ ಇ ಹಾಕಿ ಬರೆಯುವುದು ಇವತ್ತಿಗೂ ಇದೆ. ಅದೇ ಹಾಡನ್ನು ಇಸಾನ್‌ನವರು ಥಾಯ್ ಪದ್ಧತಿಯಲ್ಲಿ ಬರೆಯುತ್ತಾರೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಕ್ಕಳು ಕಿವಿಗೆ ಕೇಳಿದಂತೆ ಬರೆಯುತ್ತಾರೆ. ಖೇನ್ ಒಂದನ್ನೇ ತೆಗೆದುಕೊಳ್ಳಿ. ಕೆ-ಎಚ್-ಇ-ಎನ್, ಕೆ-ಎಚ್-ಇ-ಎನ್-ಇ, ಕೆ-ಎಚ್-ಎ-ಇ-ಎನ್, ಕೆ-ಎ-ಇ-ಎನ್, ನಾಲ್ಕೂ ಬಳಕೆಯಲ್ಲಿವೆ. ನಾಲ್ಕನ್ನೂ ಬೇರೆ ಬೇರೆಯಾಗಿ ಹಾಕಿ ನೋಡಬೇಕು.

ಅದೃಷ್ಟಕ್ಕೆ ಈ ಗೊಂದಲಕ್ಕೂ ಒಂದು ಕ್ರಮ ಇದೆ. ಈ ಬದಲಾವಣೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ:

- ಲಾವೊದಲ್ಲಿ "ವ" ಇದ್ದರೆ ವಿ ಅಕ್ಷರ, ಥಾಯ್ ಪದ್ಧತಿಯಲ್ಲಿ ಡಬ್ಲ್ಯು.
- ಲಾವೊ "ಸ" ಕೆಲವೊಮ್ಮೆ ಎಸ್, ಕೆಲವೊಮ್ಮೆ ಎಕ್ಸ್. ಅದೇ ಪದ ಥಾಯ್‌ನಲ್ಲಿ "ಚ" ಆಗಿರಬಹುದು. ಲಾವೋಸ್‌ನ ಸಿಯೆಂಗ್ ಖುವಾಂಗ್‌ನಲ್ಲಿರುವ ಸಿಯೆಂಗ್, ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿರುವ ಚಿಯಾಂಗ್, ಎರಡೂ ಒಂದೇ.
- ಥಾಯ್‌ನ "ರ" ಲಾವೊದಲ್ಲಿ "ಹ" ಅಥವಾ "ಲ" ಆಗುತ್ತದೆ. ಥಾಯ್ ಪ್ರೀತಿ ರಕ್, ಲಾವೊ ಪ್ರೀತಿ ಹಕ್. ಥಾಯ್ ರಾಮ್‌ವೊಂಗ್, ಲಾವೊ ಲಾಮ್‌ವೊಂಗ್.
- ಥಾಯ್ ಬರಹದ ಒತ್ತಕ್ಷರ ಲಾವೊದಲ್ಲಿ ಬಿದ್ದುಹೋಗುತ್ತದೆ. ಹಾಡಿಗೆ ಅಲ್ಲಿ ಫ್ಲೇಂಗ್, ಇಲ್ಲಿ ಫೇಂಗ್.
- ಥಾಯ್‌ನ "ಯ" ಎಷ್ಟೋ ಕಡೆ ಲಾವೊದಲ್ಲಿ "ಞ". ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಅಕ್ಷರ ಅಲ್ಲಿ ದಿನಾ ದುಡಿಯುತ್ತದೆ.
- ಪದದ ಕೊನೆಯ ಟಿ, ಡಿ, ಟಿ-ಎಚ್ ಒಂದರ ಜಾಗದಲ್ಲಿ ಇನ್ನೊಂದು ಬರಬಹುದು.

ಇನ್ನೊಂದು ವಿಷಯ. ಲಾವೊ ಜನ ಒಬ್ಬರನ್ನೊಬ್ಬರು ಕರೆಯುವುದು ಮೊದಲ ಹೆಸರಿನಿಂದ. ಮನೆತನದ ಹೆಸರು ಉದ್ದ, ಬರೆಯುವಾಗ ನಾಲ್ಕು ತರ ಒಡೆಯುತ್ತದೆ. ಹಾಗಾಗಿ ಹಾಡುಗಾರರ ಮೊದಲ ಹೆಸರಿನ ಜೊತೆ ಬಗೆಯ ಹೆಸರು ಸೇರಿಸಿ ಹುಡುಕಿ. ಪೂರ್ತಿ ಹೆಸರು ಹಾಕಿದರೆ ಸಿಗುವುದು ಕಡಿಮೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಹಳೆ ಲಾವೊ ಹಾಡುಗಳ ಮಾತು ಬಂದರೆ ಕ. ವಿಸೆತ್ ಅನ್ನುವ ಹೆಸರು ಬಂದೇ ಬರುತ್ತದೆ. ಹಾಡು ಕಟ್ಟಿದವರು. ಅವರದ್ದೊಂದು ಹಾಡು ತಾಯ್ ದಾಮ್ ಜನರ ಬಗ್ಗೆ. ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಸೀಮೆಯ ತಮ್ಮ ನೆಲ ಬಿಟ್ಟು ಬಂದವರ ಅಳಲು ಅದು. ಥಾಯ್ಲೆಂಡಿನಲ್ಲೂ ಹಲವರು ಹಾಡಿದ್ದಾರೆ. ಈಗ ಹುಡುಕಿ. ಲಾವೊ ಕಡೆ ಹಾಡಿನ ಹೆಸರು "ತಾಯ್ ದಾಮ್ ಲಾಮ್ ಫನ್". ಥಾಯ್ ಕಡೆ "ತಾಯ್ ದಾಮ್ ರಾಮ್ ಫನ್". ಒಂದೇ ಅಕ್ಷರದ ವ್ಯತ್ಯಾಸ, ಆದರೆ ಫಲಿತಾಂಶದ ಪಟ್ಟಿ ಬೇರೆಯೇ ಆಗುತ್ತದೆ. ಇನ್ನು ವಿಸೆತ್ ಹೆಸರಿಗೆ ವಿ-ಐ-ಎಸ್-ಇ-ಟಿ, ಕೊನೆಗೆ ಎಚ್ ಸೇರಿಸಿದ್ದು, ನಡುವೆ ಸಿ ಇರುವುದು, ಥಾಯ್ ಪದ್ಧತಿಯ ಡಬ್ಲ್ಯು. ಮೊದಲಿನ "ಕ" ಕೆಲವರಿಗೆ ಬರೀ ಕೆ, ಕೆಲವರಿಗೆ ಕೆ-ಒ-ಆರ್. ಎರಡು ಹಾಡಿನ ಹೆಸರು, ಐದಾರು ಕಾಗುಣಿತ ಸೇರಿಸಿ ಒಂದೊಂದಾಗಿ ಹಾಕಿ. ಪ್ರತಿಯೊಂದೂ ಬೇರೆ ಬೇರೆ ಬಾಗಿಲು ತೆರೆಯುತ್ತದೆ.

ಹಂತ 4: ಲಾವೊ ಅಕ್ಷರದಲ್ಲೇ ಟೈಪ್ ಮಾಡಿ

ಹೆದರಬೇಡಿ. ಕನ್ನಡ ಬಲ್ಲವರಿಗೆ ಇದು ಅಷ್ಟು ಪರಕೀಯವಲ್ಲ. ನಮ್ಮ ಹಾಗೆ ಅದೂ ಬ್ರಾಹ್ಮಿಯ ಕಡೆಯ ಲಿಪಿ. ವ್ಯಂಜನದ ಸುತ್ತ ಸ್ವರ ಚಿಹ್ನೆ ಅಂಟುತ್ತದೆ.

ಫೋನಿನ ಜೀಬೋರ್ಡ್‌ನಲ್ಲಿ (ಗೂಗಲ್‌ನ ಕೀಬೋರ್ಡ್ ಆ್ಯಪ್) ಲಾವೊ ಕೀಬೋರ್ಡ್ ಸೇರಿಸಿಕೊಳ್ಳಿ. ಮೊದಮೊದಲು ಟೈಪ್ ಮಾಡುವುದೂ ಬೇಡ. ವಿಕಿಪೀಡಿಯದ ಇಂಗ್ಲಿಷ್ ಪುಟದಲ್ಲಿ ಖೇನ್, ಲಾಮ್‌ವೊಂಗ್ ಅಂತ ತೆರೆದರೆ ಮೊದಲ ಸಾಲಿನಲ್ಲೇ ಲಾವೊ ಅಕ್ಷರದ ಹೆಸರು ಸಿಗುತ್ತದೆ. ಅದನ್ನು ಕಾಪಿ ಮಾಡಿ. ಮಿಕ್ಕ ಪದಕ್ಕೆ ಗೂಗಲ್ ಟ್ರಾನ್ಸ್‌ಲೇಟ್ ಸಾಕು. ಫೋನಿನ ನೋಟ್ಸ್‌ನಲ್ಲಿ ಇಷ್ಟು ಇಟ್ಟುಕೊಳ್ಳಿ: ಹಾಡಿಗೆ ಫೇಂಗ್, ಹಳೆಯದಕ್ಕೆ ಕಾವ್, ಹಿಂದಿನ ಕಾಲಕ್ಕೆ ಸಮಾಯ್ ಕೊನ್, ಮೂಲದ್ದು ಅನ್ನುವುದಕ್ಕೆ ದೂಮ್. "ಫೇಂಗ್ ಲಾವ್ ಸಮಾಯ್ ಕೊನ್" ಅಂತ ಲಾವೊ ಅಕ್ಷರದಲ್ಲಿ ಹಾಕಿದ ಕೂಡಲೇ ಪ್ರವಾಸದ ವಿಡಿಯೊಗಳು ಹಿಂದೆ ಸರಿದು, ಸವೆದ ಕ್ಯಾಸೆಟ್ ಕವರಿನ ಚಿತ್ರಗಳು ಕಾಣಿಸತೊಡಗುತ್ತವೆ. "ಫೇಂಗ್ ಲಾವ್ ದೂಮ್" ಅಂದರೆ ಶಾಸ್ತ್ರೀಯ, ಸಾಂಪ್ರದಾಯಿಕ ಕಡೆಗೆ ಹೋಗುತ್ತದೆ. ಬ್ಯಾಂಡಿನ ಹಾಡು ಬೇಕಿದ್ದರೆ ಅದನ್ನು ಬಿಡಿ.

ಟೈಪ್ ಮಾಡುವಾಗ ಮೂರು ಕಡೆ ಎಡವುತ್ತೀರಿ. ಮೊದಲನೆಯದು, ಕನ್ನಡದಲ್ಲಿ ವ್ಯಂಜನ ಒತ್ತಿ ಆಮೇಲೆ ಸ್ವರ ಒತ್ತುತ್ತೇವೆ. ಲಾವೊದಲ್ಲಿ ಎ, ಏ, ಓ, ಐ ಚಿಹ್ನೆಗಳು ವ್ಯಂಜನದ ಎಡಕ್ಕೆ ಬರುತ್ತವೆ. ಕಣ್ಣಿಗೆ ಕಾಣುವ ಕ್ರಮದಲ್ಲೇ ಒತ್ತಬೇಕು. ಫೇಂಗ್ ಬರೆಯಲು ಮೊದಲು ಏ ಚಿಹ್ನೆ, ಆಮೇಲೆ ಫ, ಕೊನೆಗೆ ಙ. ಎರಡನೆಯದು ಇನ್ನೂ ತರಲೆ. ಖೇನ್‌ನಲ್ಲಿ ಬರುವ ಬಾಯ್ದೆರೆದ ಎ ಸ್ವರದ ಚಿಹ್ನೆ, ಏ ಚಿಹ್ನೆಯನ್ನು ಎರಡು ಸಲ ಒತ್ತಿದ ಹಾಗೇ ಕಾಣುತ್ತದೆ. ಎಷ್ಟೋ ಜನ ಹಾಗೇ ಒತ್ತಿಬಿಡುತ್ತಾರೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹಾಗಾಗಿ ಸರಿಯಾದದ್ದು ಹಾಕಿಯೂ ಹಾಡು ಸಿಗದಿದ್ದರೆ, ಬೇಕೆಂದೇ ಆ ತಪ್ಪು ರೂಪದಲ್ಲೂ ಒಮ್ಮೆ ಹುಡುಕಿ. ಥಾಯ್ ಲಿಪಿಯಲ್ಲೂ ಇದೇ ಕತೆ.

ಮೂರನೆಯದು "ರ" ಅಕ್ಷರ. 1975ರ ನಂತರ ಲಾವೋಸ್‌ನಲ್ಲಿ ಉಚ್ಚಾರದಂತೆ ಬರೆಯುವ ಪದ್ಧತಿ ಗಟ್ಟಿಯಾಯಿತು. ನಾಲಿಗೆಯಲ್ಲಿ ಇಲ್ಲದ "ರ" ಬರಹದಿಂದಲೂ ಹೋಯಿತು. ಆದರೆ ಅದಕ್ಕೆ ಮುಂಚಿನ ರೆಕಾರ್ಡುಗಳ ಮೇಲೆ, ಹೊರದೇಶಕ್ಕೆ ಹೋದ ಹಳಬರ ಬರಹದಲ್ಲಿ ಆ ಅಕ್ಷರ ಉಳಿದಿದೆ. ಸಾಲವಾನ್ ಹುಡುಕುವಾಗ ಸಾರವಾನ್ ಅಂತಲೂ ಲಾವೊ ಲಿಪಿಯಲ್ಲಿ ಹಾಕಿ. ಲೇಬಲ್ ಮೇಲೆ "ರ" ಕಂಡರೆ ಅದು ಹಳೆಯದೋ ಹೊರದೇಶದ್ದೋ ಇರಬಹುದು ಅನ್ನುವ ಸುಳಿವೂ ಹೌದು.

ಹಳೆ ವೆಬ್ ಪುಟಗಳಲ್ಲಿ ಲಾವೊ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಂಡರೆ ಅಚ್ಚರಿಪಡಬೇಡಿ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳ ಗೋಳು ಅದು. ನುಡಿ, ಬರಹದ ಹಳೆ ಫೈಲು ತೆರೆದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಅಂಥ ಪುಟ ಹುಡುಕಾಟದಲ್ಲಿ ಬರುವುದಿಲ್ಲ. ಬೇರೆ ಪುಟದ ಲಿಂಕ್ ಹಿಡಿದೇ ಹೋಗಬೇಕು.

ಹಂತ 5: ಥಾಯ್ ಕಡೆಯ ದಡ

ಈಗ ಅದೇ ಪದಗಳನ್ನು ಥಾಯ್ ಲಿಪಿಯಲ್ಲಿ ಮಾಡಿಟ್ಟುಕೊಳ್ಳಿ. ಇಸಾನ್ ಹಾಡು ಬೇಕಿದ್ದರೆ ಇದು ಮುಖ್ಯ ದಾರಿ. ಲಾವೋಸ್‌ನ ಹಾಡು ಬೇಕಿದ್ದರೂ ಬಿಡುವಂತಿಲ್ಲ, ಎರಡೂ ಕಡೆ ಹಾಡು ಓಡಾಡಿಕೊಂಡೇ ಇತ್ತು.

ಮೋಲಾಮ್‌ನಲ್ಲಿ ಥೊಂಗ್‌ಮಾಕ್ ಚಂದಲು, ಕೇನ್ ದಾಲಾವ್, ಚವೀವನ್ ದಮ್ನೂನ್ ಅವರಿಂದ ಶುರು ಮಾಡಬಹುದು. ಮೂವರಿಗೂ ಥಾಯ್ಲೆಂಡಿನ ರಾಷ್ಟ್ರೀಯ ಕಲಾವಿದ ಗೌರವ ಬಂದಿದೆ. ಹಾಗಾಗಿ ಥಾಯ್ ಭಾಷೆಯಲ್ಲಿ ಅವರ ಬಗ್ಗೆ ಬರಹ ಚೆನ್ನಾಗಿ ಸಿಗುತ್ತದೆ. ಆ ಬರಹದಿಂದ ಜೊತೆಗಾರರ ಹೆಸರು ಹೆಕ್ಕಿ ಮುಂದೆ ಹೋಗಿ. ಸಂಕಲನ ಕೇಳಿ ಕಿವಿ ಹದ ಮಾಡಿಕೊಳ್ಳಲು ಲಂಡನ್ನಿನ ಸೌಂಡ್‌ವೇ, ಬ್ಯಾಂಕಾಕ್‌ನ ಜುದ್ರಾಂಗ್‌ಮಾ ಲೇಬಲ್‌ಗಳ ಮೋಲಾಮ್ ಸಂಕಲನಗಳು ಒಳ್ಳೆಯವು. ಜೊತೆಗೆ ಬರುವ ಟಿಪ್ಪಣಿ ಪುಸ್ತಿಕೆಯನ್ನು ತಪ್ಪದೆ ಓದಿ. ಹಳೆ ಕ್ಯಾಸೆಟ್‌ಗಳನ್ನು ಲಿಪಿ ಸಮೇತ ಪಟ್ಟಿ ಮಾಡಿರುವ ಮೊನ್‌ರಕ್ ಫ್ಲೇಂಗ್ ಥಾಯ್ ಅನ್ನುವ ತಾಣವೂ ಇದೆ. ಹಾಡಿನ ಹೆಸರು ಥಾಯ್ ಅಕ್ಷರದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಒಟ್ಟಿಗೆ ಸಿಗುವುದರಿಂದ ಕಾಗುಣಿತ ಕಲಿಯಲು ಅದಕ್ಕಿಂತ ಒಳ್ಳೆ ಮೇಷ್ಟ್ರು ಸಿಗುವುದಿಲ್ಲ.

ವರ್ಷದ ವಿಷಯ. ಥಾಯ್ ಲೇಬಲ್ ಮೇಲೆ 2515 ಅಂತ ಇದ್ದರೆ ಅದು ಬೌದ್ಧ ಶಕೆ. 543 ಕಳೆಯಿರಿ, 1972 ಬರುತ್ತದೆ. ಅಂಕಿಗಳೂ ಥಾಯ್ ರೂಪದಲ್ಲಿ ಇರಬಹುದು. ಅವನ್ನು ಗುರುತು ಹಿಡಿಯುವುದು ಒಂದು ಸಂಜೆಯ ಕೆಲಸ.

ಹಂತ 6: ಸಿಕ್ಕಿದ್ದು ನಿಜಕ್ಕೂ ಹಳೆಯದೇ?

ವಿಡಿಯೊದ ಶೀರ್ಷಿಕೆಯನ್ನು ನಂಬಬೇಡಿ. ಹಾಕಿದವರಿಗೆ "ಹಳೆಯದು" ಅಂದರೆ ತಮ್ಮ ಹೈಸ್ಕೂಲ್ ದಿನಗಳ 1995 ಇರಬಹುದು.

ಮೊದಲು ಕವರ್ ಚಿತ್ರ ನೋಡಿ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಅಚ್ಚುಕಟ್ಟಾದ ಥಾಯ್ ಅಕ್ಷರವನ್ನು ಅದು ಚೆನ್ನಾಗಿ ಓದುತ್ತದೆ. ಅಲಂಕಾರದ ಕೈಬರಹದಲ್ಲಿ ಸೋಲುತ್ತದೆ. ಆಗ ಒಂದೊಂದೇ ಅಕ್ಷರ ಹೋಲಿಸಿ ಟೈಪ್ ಮಾಡಬೇಕು. ಕವರಿನ ಮೂಲೆಯಲ್ಲಿ ಅಂಗಡಿ ವಿಳಾಸ, ಫೋನ್ ನಂಬರ್ ಇದ್ದರೆ ಅದೇ ಚಿನ್ನ. ಅಮೆರಿಕದ ಏರಿಯಾ ಕೋಡ್ ಇದ್ದರೆ ಅದು ನಿರಾಶ್ರಿತರ ಕಾಲದ ಕ್ಯಾಸೆಟ್, 1975ಕ್ಕೆ ಮುಂಚಿನದಲ್ಲ. ಹಾಡು ಮಾತ್ರ ಹಳೆಯದಿರಬಹುದು, ಅದನ್ನು ಮತ್ತೆ ರೆಕಾರ್ಡ್ ಮಾಡಿರುತ್ತಾರೆ.

ಆಮೇಲೆ ಕಿವಿಗೆ ಕೆಲಸ ಕೊಡಿ. ಡ್ರಮ್ ಪ್ರತಿ ಏಟೂ ಒಂದೇ ಅಳತೆಯಲ್ಲಿ, ಒಂದೇ ಸದ್ದಿನಲ್ಲಿ ಬಿದ್ದರೆ ಅದು ಡ್ರಮ್ ಮಷಿನ್, ಅಂದರೆ ಬಹುತೇಕ 80ರ ದಶಕದ ನಂತರದ್ದು. ಗಾಜಿನ ಹಾಗೆ ಹೊಳೆಯುವ ಸಿಂತ್ ಗಂಟೆ ಸದ್ದು ಕೇಳಿದರೂ ಹಾಗೇ. ಕೈಯಿಂದ ನುಡಿಸಿದ ಡ್ರಮ್, ಸ್ವಲ್ಪ ಅಳುವ ಆರ್ಗನ್, ಒಂದೇ ಮೈಕಿನ ಮುಂದೆ ಎಲ್ಲರೂ ನಿಂತಂಥ ಒತ್ತೊತ್ತಾದ ಸದ್ದು, ಇವು 60-70ರ ದಶಕದ ಕಡೆ ತೋರಿಸುತ್ತವೆ. ಹಿನ್ನೆಲೆಯಲ್ಲಿ ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುತ್ತಿದ್ದರೆ ಗೀರು ಬಿದ್ದ ರೆಕಾರ್ಡಿನಿಂದ ಇಳಿಸಿದ್ದು. ಬರೀ ಸುಯ್ ಅನ್ನುತ್ತಿದ್ದರೆ ಟೇಪು.

ಹಾಡಿನ ಹೆಸರು ಗೊತ್ತಾಗದಿದ್ದರೆ, ಹಾಡು ಕೇಳಿಸಿಕೊಂಡು ಹೆಸರು ಹೇಳುವ ಶಜಾಮ್ ಆ್ಯಪ್ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಇಂಥ ರೆಕಾರ್ಡುಗಳು ಅದರ ಪಟ್ಟಿಯಲ್ಲಿ ಇರುವುದು ಕಡಿಮೆ. ಅದಕ್ಕಿಂತ ವಿಡಿಯೊದ ಕೆಳಗಿನ ಕಾಮೆಂಟ್‌ಗಳನ್ನು ಅನುವಾದಿಸಿ ಓದಿ. "ನಮ್ಮಪ್ಪ ಈ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದರು" ಅನ್ನುವಂಥ ಒಂದು ಸಾಲು ಸಿಕ್ಕರೆ ಸಾಕು.

ರೆಕಾರ್ಡಿನ ಲೇಬಲ್ ಮತ್ತು ನಂಬರ್ ಸಿಕ್ಕಿದರೆ, ರೆಕಾರ್ಡುಗಳನ್ನು ಪಟ್ಟಿ ಮಾಡುವ ತಾಣ ಡಿಸ್ಕಾಗ್ಸ್‌ಗೆ ಹೋಗಿ. ದೇಶದ ಜಾಗದಲ್ಲಿ ಲಾವೋಸ್ ಅಂತ ಹಾಕಿದರೆ ಸಿಗುವ ಪಟ್ಟಿ ಚಿಕ್ಕದು. ಥಾಯ್ಲೆಂಡ್ ಅಂತ ಹಾಕಿ, ಏಳಿಂಚಿನ 45 ಆರ್‌ಪಿಎಂ ಅಂತ ಸೋಸಿ, ಕಾಲ 1960 ಮತ್ತು 70ರ ದಶಕ ಅಂತ ಇಡಿ. ಲೇಬಲ್ ಪುಟ ತೆರೆದು ಅಕ್ಕಪಕ್ಕದ ನಂಬರುಗಳನ್ನು ನೋಡಿ. ಒಂದೇ ಅವಧಿಯಲ್ಲಿ ರೆಕಾರ್ಡ್ ಆದ ಇನ್ನೆರಡು ಹಾಡು ಅಲ್ಲೇ ಇರುವುದುಂಟು.

ಹಂತ 7: ಸಂಗ್ರಹಾಲಯಗಳು

ಇಲ್ಲಿ ಪಾಪ್ ಹಾಡು ಕಡಿಮೆ, ಅದರ ಬೇರು ಜಾಸ್ತಿ. ಯುನೆಸ್ಕೊದ ಹಳೆ ಸಂಗೀತ ಸರಣಿಯಲ್ಲಿ ಲಾವೋಸ್‌ನ ಧ್ವನಿಮುದ್ರಣಗಳಿವೆ. ಆ ಸರಣಿಯ ಲಾವೋಸ್ ರೆಕಾರ್ಡ್ ಹೊರತಂದ ಅಲೇನ್ ದಾನಿಯೇಲು, ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು ನಮ್ಮ ಸಂಗೀತ ಕಲಿತವರು. ಯುನೆಸ್ಕೊ ಸಂಗ್ರಹ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಫೋಕ್‌ವೇಸ್ ಲೇಬಲ್ ಕೈಯಲ್ಲಿದೆ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ತಾಣ ಗ್ಯಾಲಿಕಾದಲ್ಲಿ 1931ರ ಪ್ಯಾರಿಸ್ ವಸಾಹತು ಪ್ರದರ್ಶನದ ಧ್ವನಿಮುದ್ರಣಗಳಿವೆ. ಅಲ್ಲಿ ಫ್ರೆಂಚ್ ಕಾಗುಣಿತದಲ್ಲೇ ಹುಡುಕಬೇಕು. ವಿಯಂಟಿಯಾನ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲಾವೋಸ್ ಸಾಂಪ್ರದಾಯಿಕ ಸಂಗೀತದ ಸಂಗ್ರಹಾಲಯ ಇದೆ. ಅದಕ್ಕೆ ಖುದ್ದಾಗಿ ಹೋಗುವುದೇ ಮೇಲು.

ಹಂತ 8: ಜನರನ್ನು ಕೇಳಿ

ಒಂದು ಹಂತದ ನಂತರ ಅಂತರ್ಜಾಲ ಮುಗಿಯುತ್ತದೆ. ಮುಂದಿನದು ಮನೆಗಳಲ್ಲಿದೆ.

ಅಮೆರಿಕದಲ್ಲಿ ಫ್ರೆಸ್ನೊ, ಸ್ಯಾಕ್ರಮೆಂಟೊ, ಸ್ಯಾನ್ ಡಿಯಾಗೊ, ಮಿನಿಯಾಪೊಲಿಸ್, ಫೋರ್ಟ್ ವರ್ತ್ ಸುತ್ತ ಲಾವೊ ಕುಟುಂಬಗಳಿವೆ. ಜನಪದ ಕಲಾವಿದರಿಗೆ ಅಮೆರಿಕ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಪಡೆದ ಲಾಮ್ ಹಾಡುಗಾರ ಖಾಮ್‌ವೊಂಗ್ ಇನ್‌ಸಿಸಿಯೆಂಗ್‌ಮಾಯ್ ನೆಲೆಸಿದ್ದು ಫ್ರೆಸ್ನೊದಲ್ಲೇ. ಅವರಿಗೆ ಆ ಗೌರವ ಬಂದಿದ್ದು 1991ರಲ್ಲಿ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ನಲ್ಲಿ ಕನ್ನಡಿಗರಿಗೇನು ಕಡಿಮೆಯೇ? ಹತ್ತಿರದ ಲಾವೊ ಬೌದ್ಧ ದೇವಸ್ಥಾನ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ನೋಡಿ. ಹೋಗಲು ಸರಿಯಾದ ಸಮಯ ಏಪ್ರಿಲ್ ಮಧ್ಯಭಾಗ, ಪೀ ಮಾಯ್ ಹೊಸವರ್ಷ. ನಮ್ಮ ಕರಾವಳಿಯಲ್ಲಿ ಬಿಸು ಬರುವ ಹೊತ್ತೇ ಅದು. ಬ್ಯಾಂಡ್ ಇರುತ್ತದೆ, ಲಾಮ್‌ವೊಂಗ್ ಇರುತ್ತದೆ, ಹಳೆ ಹಾಡು ಬಾಯಿಪಾಠ ಇರುವ ಹಿರಿಯರೂ ಇರುತ್ತಾರೆ.

"ಸಬಾಯ್‌ದೀ" ಅಂತ ಕೈ ಮುಗಿದು ಶುರು ಮಾಡಿ. ಸ್ವಲ್ಪ ಹಿರಿಯರಿಗೆ ಆಯ್ ಅಂದರೆ ಅಣ್ಣ, ಉವಾಯ್ ಅಂದರೆ ಅಕ್ಕ. ಇನ್ನೂ ದೊಡ್ಡವರಿಗೆ ಲುಂಗ್, ಪಾ. "ನಿಮ್ಮ ಹತ್ತಿರ ಹಳೆ ಕ್ಯಾಸೆಟ್ ಇದೆಯಾ?" ಅಂತ ನೇರ ಕೇಳಬೇಡಿ. ವ್ಯಾಪಾರಿ ಬಂದ ಅಂದುಕೊಳ್ಳುತ್ತಾರೆ. ಫೋನಿನಲ್ಲಿ ಹೆಸರು ಗೊತ್ತಿಲ್ಲದ ಒಂದು ಹಾಡು ಹಾಕಿ, "ಇದು ಯಾರು ಹಾಡಿದ್ದು?" ಅಂತ ಕೇಳಿ. ಸುತ್ತ ನಾಲ್ಕು ಜನ ಸೇರುತ್ತಾರೆ, ಜಗಳವೂ ಆಗಬಹುದು. ಅವರು ಹೇಳುವ ಪ್ರತಿ ಹೆಸರನ್ನೂ ಅವರ ಕೈಯಲ್ಲೇ ಲಾವೊ ಅಕ್ಷರದಲ್ಲಿ ಬರೆಸಿಕೊಳ್ಳಿ. ನಮ್ಮ ಕಿವಿಯನ್ನು ನಂಬಿ ಕನ್ನಡದಲ್ಲಿ ಗೀಚಿಕೊಂಡರೆ ಮನೆಗೆ ಬಂದ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಲಾವೊ ಮಾತಿನಲ್ಲಿ ದನಿಯ ಏರಿಳಿತಕ್ಕೆ ಅರ್ಥ ಬದಲಾಗುತ್ತದೆ.

ಒಂದು ಸೂಕ್ಷ್ಮ. ಹಳೆ ಬ್ಯಾಂಡಿನ ಮಾತು ಯುದ್ಧದ ಮಾತಿಗೆ, ಶಿಬಿರದ ಮಾತಿಗೆ ತಿರುಗುತ್ತದೆ. ಅವರಾಗಿ ಹೇಳಿದರೆ ಕೇಳಿ. ನೀವಾಗಿ ಕೆದಕಬೇಡಿ. ಯಾರು ಯಾವ ಪಕ್ಷದ ರೇಡಿಯೊಗೆ ಹಾಡಿದರು ಅನ್ನುವುದು ಕೆಲವು ಮನೆಗಳಲ್ಲಿ ಇನ್ನೂ ಬಿಸಿ ವಿಷಯ.

ಹಂತ 9: ಕ್ಯಾಸೆಟ್ ಕೈಗೆ ಬಂದರೆ

ಯಾರಾದರೂ ನಂಬಿ ಕ್ಯಾಸೆಟ್ ಕೊಟ್ಟರೆ, ಸಾಧ್ಯವಾದರೆ ಅವರ ಮನೆಯಲ್ಲೇ ಕೂತು ಇಳಿಸಿಕೊಳ್ಳಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಡೆಕ್‌ಗೆ ಹಾಕಲೇಬೇಡಿ, ಡೆಕ್ಕೂ ಕೆಡುತ್ತದೆ. ಚೆನ್ನಾಗಿದ್ದರೆ ಮೊದಲು ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ. ಕಂಪ್ಯೂಟರ್‌ನಲ್ಲಿ ಅಡಾಸಿಟಿ ಅನ್ನುವ ಉಚಿತ ರೆಕಾರ್ಡಿಂಗ್ ತಂತ್ರಾಂಶ ಸಾಕು. 24 ಬಿಟ್, ಕನಿಷ್ಠ 48 ಕಿಲೊಹರ್ಟ್ಸ್, ವೇವ್ ಫೈಲ್. ಒಂದು ಬದಿಯನ್ನು ಎಲ್ಲೂ ನಿಲ್ಲಿಸದೆ ಇಳಿಸಿ, ಹಾಡುಗಳನ್ನು ಆಮೇಲೆ ಕತ್ತರಿಸಬಹುದು. ಸುಯ್ ಸದ್ದು ತೆಗೆಯುವ ಆಸೆಗೆ ಬೀಳಬೇಡಿ, ಖೇನ್‌ನ ಉಸಿರೂ ಅದರ ಜೊತೆ ಹೋಗುತ್ತದೆ. ಶುದ್ಧಿ ಮಾಡಲೇಬೇಕೆಂದರೆ ಪ್ರತಿಯ ಮೇಲೆ ಮಾಡಿ, ಮೂಲ ಫೈಲನ್ನು ಮುಟ್ಟಬೇಡಿ.

ಕವರಿನ ಒಳಗೂ ಹೊರಗೂ, ಕ್ಯಾಸೆಟ್ಟಿನ ಎರಡೂ ಬದಿಯ ಫೋಟೊ ತೆಗೆಯಿರಿ. ಫೈಲಿನ ಹೆಸರಲ್ಲಿ ಹಾಡುಗಾರರು, ಹಾಡು, ಬದಿ ಮತ್ತು ಕ್ರಮಸಂಖ್ಯೆ ಇರಲಿ. ಲಾವೊ ಅಕ್ಷರದ ಹೆಸರನ್ನೂ ಸೇರಿಸಿ. ವರ್ಷ ಕವರಿನ ಮೇಲೆ ಅಚ್ಚಾಗಿದ್ದರೆ ಮಾತ್ರ ಬರೆಯಿರಿ. ಅಂದಾಜಾದರೆ ಅಂದಾಜು ಅಂತಲೇ ಬರೆಯಿರಿ.

ಕ್ಯಾಸೆಟ್ ಕೊಟ್ಟವರಿಗೆ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಕೊಡಿ. ಯೂಟ್ಯೂಬ್‌ಗೆ ಹಾಕುವ ಮುಂಚೆ ಅವರನ್ನು ಕೇಳಿ. ಹಾಡಿದವರೋ ಅವರ ಮಕ್ಕಳೋ ಬದುಕಿದ್ದರೆ ಅವರನ್ನೂ ಕೇಳಿ. ಹಳೆಯದಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಒಪ್ಪಿಗೆ ಸಿಗದಿದ್ದರೂ ಲೇಬಲ್, ನಂಬರ್, ಹಾಡುಗಳ ಪಟ್ಟಿಯನ್ನು ಡಿಸ್ಕಾಗ್ಸ್‌ಗೆ ಸೇರಿಸಲು ಅಡ್ಡಿಯಿಲ್ಲ. ಸೇರಿಸುವಾಗ ಹಾಡುಗಾರರ ಹೆಸರಿಗೆ ಸಿಕ್ಕ ಎಲ್ಲ ಕಾಗುಣಿತಗಳನ್ನೂ ನಮೂದಿಸಿ. ಮುಂದೆ ಹುಡುಕುವವರು ಅವುಗಳಲ್ಲಿ ಯಾವುದನ್ನು ಹಾಕಿದರೂ ಆ ಪುಟ ಸಿಗಬೇಕು.